ಟೈಂಪಾಸ್ ಎಂದವರಿಗೆ

ನಮ್ಮ ಎದುರು ಮನೆಯಾಕೆ ಒಳ್ಳೆಯವರು. ಕಷ್ಟಕ್ಕೆ ಆಗುತ್ತಾರೆ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ, ನಾನು ಊರಲ್ಲಿಲ್ಲದಾಗ ತುಳಸಿಗೆ ನೀರು ಹಾಕುತ್ತಾರೆ. ಆದ್ದರಿಂದ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಂದ ಮಾತಿನ ಮೇಲೆ ಮಾತ್ರ ಸಿಟ್ಟು, ಅದು ಇನ್ನೂ ಆರಿಲ್ಲ. ಒಂದು ದಿನ ಸಂಜೆ ನಾನು ಜಗಲಿಯ ಮೇಲೆ ಹಳೆ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಾ ಕೂತಿದ್ದೆ. ಗೇಟಿನ ಹತ್ತಿರ ನಿಂತು ನೋಡಿದರು. "ಅಂತೂ ಮನೆ ರಿಪೇರಿ ಮುಗೀತು, ಈಗ ಇದು. ಒಳ್ಳೇ ಟೈಂಪಾಸ್ ಬಿಡಿ ನಿಮಗೆ, ಮನಸ್ಸಿಗೂ ಸಮಾಧಾನ," ಅಂದರು.

ಟೈಂಪಾಸ್! ರೈಲಿನಲ್ಲಿ ಕಡಲೇಕಾಯಿ ಮಾರುವವನ ಬಾಯಲ್ಲಿ ಬರುವ ಮಾತು. ನನ್ನ ಅರವತ್ತನೆಯ ವಯಸ್ಸಿನ ನಂತರದ ಮೂರು ವರ್ಷ, ನನ್ನ ಗಂಡ ಕೊಂಡಿಟ್ಟಿದ್ದ ಸೈಟು, ನನ್ನ ಸೊಂಟ, ನನ್ನ ತಮ್ಮನ ಜೊತೆಗಿನ ಮಾತುಕತೆ, ಎಲ್ಲವೂ ಈ ಮನೆಗೆ ಹೋಗಿದೆ. ಅದನ್ನು ಕಡಲೇಕಾಯಿ ಪೊಟ್ಟಣದ ಜೊತೆ ಇಟ್ಟು ತೂಗಿದರಲ್ಲ ಎಂದು ಸೂಜಿ ಕೈಲಿ ಹಿಡಿದುಕೊಂಡೇ ಕೂತೆ.

ಯೋಚಿಸಿ ನೋಡಿ. ಗಂಡಸು ನಿವೃತ್ತನಾದ ಮೇಲೆ ಮನೆ ಕಟ್ಟಿಸಿದರೆ "ಸಾಧಿಸಿದ" ಅನ್ನುತ್ತಾರೆ. ಅದೇ ಕೆಲಸ ಒಬ್ಬ ಹೆಂಗಸು ಮಾಡಿದರೆ "ಪಾಪ, ಗಂಡ ಹೋದ ಮೇಲೆ ಏನಾದರೂ ಬೇಕಲ್ಲ" ಅನ್ನುತ್ತಾರೆ. ಗಂಡಸು ಬಟ್ಟೆಯ ಮೇಲೆ ಬಣ್ಣ ಬಳಿದರೆ ಕಲೆ, ಹೆಂಗಸು ಬಟ್ಟೆಗೆ ಬಟ್ಟೆ ಸೇರಿಸಿ ಹೊಲಿದರೆ ಹವ್ಯಾಸ. ಈ ಹೆಸರುಗಳನ್ನು ಇಟ್ಟವರು ಯಾರು? ನಾವೇ ಒಪ್ಪಿಕೊಂಡು ಬಂದಿದ್ದೇವಲ್ಲ, ಅದು ನನ್ನ ತಕರಾರು.

ಕೃಷ್ಣಮೂರ್ತಿಪುರಂನ ಈ ಮನೆಯನ್ನು ನಮ್ಮ ಅಪ್ಪ 1961ರಲ್ಲಿ ಕೊಂಡದ್ದು. ಆಗಲೇ ಅದು ಹಳೆಯ ಮನೆ. ದೊಡ್ಡದೇನಲ್ಲ. ಮುಂದೊಂದು ಜಗಲಿ, ನಡುವೆ ಹಾಲು, ಎರಡು ರೂಮು, ಅಡಿಗೆಮನೆ, ಹಿತ್ತಿಲಲ್ಲಿ ಬಾವಿ. ಮದ್ರಾಸ್ ತಾರಸಿ, ಕೆಂಪು ಗಾರೆ ನೆಲ. ನಾನು ಮದುವೆಯಾಗಿ ಹಾಸನಕ್ಕೆ ಹೋಗಿ, ಅಲ್ಲಿ ಮೂವತ್ತು ವರ್ಷ ಪಾಠ ಹೇಳಿ, 2013ರಲ್ಲಿ ಗಂಡ ತೀರಿಕೊಂಡ ಮೇಲೆ ಅಮ್ಮನನ್ನು ನೋಡಿಕೊಳ್ಳಲು ವಾಪಸ್ಸು ಬಂದೆ. ಅಪ್ಪ ಆಗಲೇ ಇರಲಿಲ್ಲ. 2017ರಲ್ಲಿ ಅಮ್ಮನೂ ಹೋದರು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ತಮ್ಮ ಒಂದು ಕಾಗದ ತಂದು, "ಅಕ್ಕಾ, ಇಲ್ಲೊಂದು ಸಹಿ ಹಾಕಿಬಿಡು, ಬಿಲ್ಡರ್ ಒಬ್ಬರು ಕೇಳ್ತಿದಾರೆ. ನೀನು ನಮ್ಮ ಜೊತೇಲೇ ಬಂದು ಇರು, ಇಷ್ಟು ದೊಡ್ಡ ಮನೇಲಿ ಒಬ್ಬಳೇ ಏನು ಮಾಡ್ತೀಯ?" ಅಂದ.

ಅವನು ಕೆಟ್ಟವನಲ್ಲ. ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ಇಂಥ ಕಥೆಗಳಲ್ಲಿ ತಮ್ಮಂದಿರೆಲ್ಲ ರಾಕ್ಷಸರಾಗಿಬಿಡುತ್ತಾರೆ. ಅವನು ನಮ್ಮ ಸೋದರಮಾವಂದಿರು ಮಾಡಿದ್ದನ್ನೇ ಮಾಡಿದ. ಅವರು ಅವರ ಮಾವಂದಿರು ಮಾಡಿದ್ದನ್ನು ಮಾಡಿದ್ದರು. ಕಾಗದದ ಹೆಸರು ಹಕ್ಕು ಖುಲಾಸೆ ಪತ್ರ. ಎಷ್ಟು ಚೆಂದದ ಹೆಸರು ನೋಡಿ! ಖುಲಾಸೆ ಆಗುವುದು ಆರೋಪಿಗಳಿಗೆ ಎಂದು ನಾನು ತಿಳಿದಿದ್ದೆ.

ಅಂಥದೇ ಒಂದು ಕಾಗದಕ್ಕೆ ನಮ್ಮ ಅಮ್ಮ 1974ರಲ್ಲಿ ನಂಜನಗೂಡಿನ ತವರುಮನೆಯ ನಡುಮನೆಯಲ್ಲಿ ಕೂತು ಸಹಿ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಹಿ ಆದ ಮೇಲೆ ದೊಡ್ಡ ಸೋದರಮಾವ ಅರಿಶಿನ ಕುಂಕುಮದ ಜೊತೆ ಒಂದು ಮೈಸೂರು ಸಿಲ್ಕ್ ಸೀರೆ ಕೊಟ್ಟರು. ನೇರಳೆ ಬಣ್ಣ, ಜರಿಯ ಅಂಚು. ನಮ್ಮೂರಿನ ರೇಷ್ಮೆ ಕಾರ್ಖಾನೆಯದು, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಅಮ್ಮ ಆ ಸೀರೆಯನ್ನು ಕಣ್ಣಿಗೊತ್ತಿಕೊಂಡರು. "ತವರಿನ ಸೀರೆ" ಎಂದು ಬಿಳಿ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಉಟ್ಟದ್ದು ಮೂರೋ ನಾಲ್ಕೋ ಸಲ. ಒಂದು ಮನೆಯ ಮೂರನೇ ಒಂದು ಪಾಲಿಗೆ ಒಂದು ಸೀರೆ! ಆಗ ನನಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು. ಆದರೆ ಈ ಲೆಕ್ಕ ಮಾಡಬಾರದು ಎಂದು ಯಾರೂ ಹೇಳದೆಯೇ ಗೊತ್ತಿತ್ತು.

ಕಾನೂನು ಇರಲಿಲ್ಲವೇ ಎಂದರೆ, ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆದರೆ ಅದೇ ಕಾಯ್ದೆಯ 23ನೇ ಕಲಮು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿತ್ತು. ಕುಟುಂಬ ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ. ಬೇಕಾದರೆ ಬಂದು ಇರಬಹುದು. ಯಾರು? ಮದುವೆಯಾಗದವಳು, ಗಂಡ ಬಿಟ್ಟವಳು, ಗಂಡನಿಂದ ದೂರವಾದವಳು, ಗಂಡ ಸತ್ತವಳು. ಅಂದರೆ ಗಂಡ ಬದುಕಿದ್ದು ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆ ನಿನಗೆ ಹುಟ್ಟಿದ ಮನೆ ಇಲ್ಲ, ಹಣೆಬರಹ ಕೆಟ್ಟರೆ ಒಂದು ಮೂಲೆ ಉಂಟು. ಈ ಕಲಮು 2005ರವರೆಗೆ ಪುಸ್ತಕದಲ್ಲಿತ್ತು. ಆಮೇಲೆ ತೆಗೆದರು. ಪುಸ್ತಕದಿಂದ ತೆಗೆದರು, ಮನೆಮನೆಯ ನಡುಮನೆಯಿಂದ ಎಲ್ಲಿ ತೆಗೆದರು?

ನಾನು ಸಹಿ ಹಾಕಲಿಲ್ಲ. ಆರು ತಿಂಗಳು ಮಾತಿಲ್ಲ, ಕಥೆಯಿಲ್ಲ. ಕೊನೆಗೆ ಕುವೆಂಪುನಗರದಾಚೆ ನಮ್ಮ ಯಜಮಾನರು ಕೊಂಡಿಟ್ಟಿದ್ದ ಸೈಟು ಮಾರಿ, ನನ್ನ ನಿವೃತ್ತಿಯ ದುಡ್ಡಿನಲ್ಲಿ ಉಳಿದಿದ್ದನ್ನೂ ಸೇರಿಸಿ, ತಮ್ಮನ ಅರ್ಧವನ್ನು ನಾನೇ ಕೊಂಡೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಖುಲಾಸೆ ಪತ್ರಕ್ಕೆ ಸಹಿ ಹಾಕಿದ್ದು ಈ ಸಲ ಅವನು. ಚೆಕ್ಕಿನ ಜೊತೆ ಅವನಿಗೊಂದು ಪಂಚೆ ಶಲ್ಯವನ್ನೂ ಕೊಟ್ಟೆ. ಅವನು ತಮಾಷೆ ಎಂದುಕೊಂಡು ನಕ್ಕ. ನಾನು ನಗಲಿಲ್ಲ. (ಖಾತೆ ನನ್ನ ಹೆಸರಿಗೆ ಆಗಲು ಎಷ್ಟು ಸಲ ಓಡಾಡಿದೆ, ಕೌಂಟರಿನಲ್ಲಿದ್ದವರು ಎಷ್ಟು ಸಲ "ನಿಮ್ಮ ಯಜಮಾನರನ್ನ ಕಳಿಸಿ" ಎಂದರು ಎನ್ನುವುದನ್ನು ಬರೆಯಲು ಹೊರಟರೆ ಅದೇ ಒಂದು ಪುಸ್ತಕವಾಗುತ್ತದೆ.)

ನಮ್ಮ ಊರಿನ ಬಗ್ಗೆ ನನಗೊಂದು ವಿಚಿತ್ರ ಕಾಣುತ್ತದೆ. ರಾಜಕುಮಾರಿಯರ ಹೆಸರಿನ ಬಂಗಲೆಗಳು ಇಲ್ಲಿ ಎದ್ದು ಕಾಣುತ್ತವೆ. ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮೀ ವಿಲಾಸ, ಸಿಎಫ್‌ಟಿಆರ್‌ಐ ಇರುವ ಚೆಲುವಾಂಬ ಮ್ಯಾನ್ಷನ್. ಅರಸರು ಮನೆಯ ಹೆಣ್ಣುಮಕ್ಕಳಿಗೆ ಬಂಗಲೆ ಕಟ್ಟಿಸಿಕೊಟ್ಟ ಊರಿನಲ್ಲಿ, ಆ ಬಂಗಲೆಗಳ ಮುಂದೆ ದಿನಾ ವಾಕಿಂಗ್ ಹೋಗುವ ಹೆಂಗಸರಲ್ಲಿ ಎಷ್ಟು ಜನರ ಹೆಸರಿನಲ್ಲಿ ಒಂದು ಖಾತೆ ಇದೆ?

ಅರಮನೆಯ ವಿಷಯವನ್ನೇ ತೆಗೆದುಕೊಳ್ಳಿ. 1897ರಲ್ಲಿ ಇದೇ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ರಾಜ್ಯ ಆಳುತ್ತಿದ್ದವರು ಯಾರು? ನಾಲ್ವಡಿಯವರು ಇನ್ನೂ ಹುಡುಗ. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ ಆಡಳಿತದ ಹೊಣೆ ಹೊತ್ತವರು ವಾಣಿವಿಲಾಸ ಸನ್ನಿಧಾನ, ಕೆಂಪನಂಜಮ್ಮಣ್ಣಿಯವರು. ಗಂಡನನ್ನು ಕಳೆದುಕೊಂಡಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೂರು ವರ್ಷ ತುಂಬುವುದರೊಳಗೆ ಮನೆಯೂ ಸುಟ್ಟಿತು. ಅದೇ ಹೊತ್ತಿಗೆ ದೇಶದಲ್ಲೆಲ್ಲ ಪ್ಲೇಗು. ಆಕೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ, ಈ ಸಲ ಬೆಂಕಿಗೆ ಜಗ್ಗದ ಹಾಗೆ ಕಲ್ಲು, ಇಟ್ಟಿಗೆ, ಕಬ್ಬಿಣದಲ್ಲಿ ಕಟ್ಟುವ ಕೆಲಸಕ್ಕೆ ಚಾಲನೆ ಕೊಟ್ಟರು. ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಮುಗಿದದ್ದು 1912ರಲ್ಲಿ, ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಇವತ್ತು ಅರಮನೆಗೆ ಹೋಗಿ ನೋಡಿ. ಗೈಡುಗಳು ಇರ್ವಿನ್ನನ ಹೆಸರು ಹೇಳುತ್ತಾರೆ, ನಾಲ್ವಡಿಯವರ ಹೆಸರು ಹೇಳುತ್ತಾರೆ, ಬಲ್ಬುಗಳ ಲೆಕ್ಕ ಹೇಳುತ್ತಾರೆ. ನಾನು ನೆಂಟರನ್ನು ಕರೆದುಕೊಂಡು ಹೋದ ಅಷ್ಟೂ ಸಲ ಕಿವಿಗೊಟ್ಟು ಕೇಳಿದ್ದೇನೆ, ಆಕೆಯ ಹೆಸರು ಬಂದದ್ದು ಒಮ್ಮೆ. ಗಂಡ ಸತ್ತ ಮೇಲೆ ಟೈಂಪಾಸಿಗೆ ಅರಮನೆ ಕಟ್ಟಿಸಿದರು ಎಂದು ಯಾರೂ ಹೇಳಿಲ್ಲ, ಅಷ್ಟು ಪುಣ್ಯ.

ಇನ್ನು ನನ್ನ ಅರಮನೆ. ಮೊದಲು ಬಂದ ಇಂಜಿನಿಯರ್ ಹುಡುಗ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟ: "ಒಡೆದುಬಿಡಿ ಆಂಟಿ. ಮೂರು ಫ್ಲೋರ್ ಹಾಕೋಣ, ಎರಡು ಬಾಡಿಗೆಗೆ ಕೊಡಿ." ಗೋಡೆಯಿಂದ ಪದರ ಪದರವಾಗಿ ಗಾರೆ ಉದುರುತ್ತಿದ್ದದ್ದು, ತಾರಸಿ ಸೋರುತ್ತಿದ್ದದ್ದು ಅವನ ಸಾಕ್ಷಿ. ಎರಡನೆಯವನೂ ಅದನ್ನೇ ಹೇಳಿದ. ಒಡೆಯುವುದೇ ವಿದ್ಯೆಯಾದರೆ ಅದನ್ನು ಕಲಿಯಲು ಕಾಲೇಜು ಯಾಕೆ ಬೇಕು? 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ. ಪ್ರತಿ ಸಲವೂ "ಹಳೆಯದಾಗಿತ್ತು" ಎನ್ನುತ್ತಾರೆ. ವಯಸ್ಸಾದದ್ದರಿಂದಲೇ ಬೀಳುವುದಾದರೆ ಶ್ರೀರಂಗಪಟ್ಟಣದ ದೇವಸ್ಥಾನ ಎಂದೋ ಬೀಳಬೇಕಿತ್ತು. ನೋಡಿಕೊಳ್ಳದೆ ಬಿಟ್ಟದ್ದು ಬೀಳುತ್ತದೆ, ಕಟ್ಟಡವಾಗಲಿ ಮುದುಕಿಯಾಗಲಿ.

ಕೊನೆಗೆ ನಂಜನಗೂಡಿನ ಕಡೆಯ ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿ ಸಿಕ್ಕಿದರು. ಗೋಡೆಯನ್ನು ಬೆರಳಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, "ಅಮ್ಮಾವ್ರೇ, ಗ್ವಾಡೆಗೆ ಏನೂ ಆಗಿಲ್ಲ. ಮ್ಯಾಗಡೆ ಸಿಮಿಟು ಮೆತ್ತವರಲ್ಲ, ಅದೇ ಉಸಿರು ಕಟ್ಟಿಸೈತೆ," ಅಂದರು. ಎಂಬತ್ತರ ದಶಕದಲ್ಲಿ ಅಪ್ಪನೇ ಹಾಕಿಸಿದ್ದ ಸಿಮೆಂಟು. ಗಟ್ಟಿ ಇರಲಿ ಎಂದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ಮೇಲೆ ಸಿಮೆಂಟು ಹೊದಿಸಿದರೆ ಹೊರಗೆ ಹೋಗಲು ದಾರಿಯಿಲ್ಲದೆ ನೀರು ಒಳಗೇ ಕೂರುತ್ತದೆ, ಉಪ್ಪು ಅರಳುತ್ತದೆ, ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಇಷ್ಟನ್ನು ಓದಿದವರು ಇಬ್ಬರು ಹೇಳಲಿಲ್ಲ, ಬೆರಳಲ್ಲಿ ತಟ್ಟಿದವರು ಹೇಳಿದರು.

ಸಿಮೆಂಟೆಲ್ಲ ಕೆತ್ತಿಸಿ ಗೋಡೆಗಳನ್ನು ಹಾಗೇ ಬಿಟ್ಟೆವು. ಒಂದು ಬೇಸಿಗೆ ಪೂರ್ತಿ ಬತ್ತಲೆ ಇಟ್ಟಿಗೆಗಳ ನಡುವೆ ಅಡಿಗೆ ಮಾಡಿಕೊಂಡು ಇದ್ದೆ. ಹಿತ್ತಿಲಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಿದರು. ಆ ಬುಸುಗುಟ್ಟುವಿಕೆ, ಆ ಹಬೆ! ಚಿಕ್ಕಂದಿನಲ್ಲಿ ನೋಡಿದ್ದು ಮರೆತೇ ಹೋಗಿತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಹದ ಮಾಡಿದರು. ತಾರಸಿಯಲ್ಲಿ ಹಾಳಾಗಿದ್ದ ಎರಡು ತೊಲೆ ಬದಲಾಯಿಸಿ, ಅವುಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣ ಹರಡಿ, ಹೆಣ್ಣಾಳುಗಳು ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿದರು. ಬಡಿದಷ್ಟೂ ತಾರಸಿ ಗಟ್ಟಿ. ಮದ್ರಾಸ್ ತಾರಸಿ ಎಂದು ಹೊಗಳುತ್ತೇವಲ್ಲ, ಅದು ನಿಂತಿರುವುದು ಈ ಹೆಂಗಸರ ರಟ್ಟೆಯ ಮೇಲೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲ ಶನಿವಾರ ಬಟವಾಡೆ ಮಾಡುವಾಗ ಮೇಸ್ತ್ರಿ ಹೇಳಿದ ಹಾಗೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಮ್ಮಿ ಎಣಿಸಿಕೊಟ್ಟೆ. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ. ಅದನ್ನು ನಾನೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದ್ದೇನೆ! ಆಸ್ತಿಯಲ್ಲಿ ಸಮಪಾಲು ಎಂದು ತಮ್ಮನ ಜೊತೆ ಆರು ತಿಂಗಳು ಮಾತು ಬಿಟ್ಟವಳು, ಒಂದು ಕ್ಷಣವೂ ಯೋಚಿಸದೆ ಎಣಿಸಿಕೊಟ್ಟೆ. ರಾತ್ರಿ ಊಟಕ್ಕೆ ಕೂತಾಗ ತಲೆಗೆ ಹೊಳೆಯಿತು. ಎರಡನೇ ವಾರದಿಂದ ಸರಿಮಾಡಿದೆ, ಹಿಂದಿನ ಬಾಕಿಯನ್ನೂ ಕೊಟ್ಟೆ. ಮೇಸ್ತ್ರಿಗೆ ಇಷ್ಟವಾಗಲಿಲ್ಲ. "ನೀವು ಹಿಂಗ್ ಮಾಡುದ್ರೆ ನಾಳೆ ಬ್ಯಾರೆ ಕಡೆ ನಮಗೆ ಕಷ್ಟ" ಎಂದರು. ಆಗಲಿ ಎಂದೆ.

ಕೌದಿ ಶುರುವಾದದ್ದು ತಾರಸಿ ಕೆಲಸದ ನಡುವೆ. ಪೆಟ್ಟಿಗೆಗಳನ್ನೆಲ್ಲ ಜರುಗಿಸಬೇಕಾಗಿ ಬಂದು, ಅಮ್ಮನ ಸೀರೆಗಳು ಹೊರಗೆ ಬಂದವು. ನಮ್ಮ ಕಡೆ ಹಳೆ ಸೀರೆಗಳಿಗೆ ಎರಡೇ ಗತಿ. ನೂಲಿನದಾದರೆ ಸ್ಟೀಲ್ ಪಾತ್ರೆಯವಳಿಗೆ, ರೇಷ್ಮೆಯದಾದರೆ ಹಳೆ ಜರಿ ಕೊಳ್ಳುವವನಿಗೆ. ಅವನು ಬೆಳ್ಳಿಗಾಗಿ ಸುಟ್ಟು ಬೂದಿ ಮಾಡುತ್ತಾನೆ. ಹಾಸನದಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಗದಗದ ಕಡೆಯ ಟೀಚರೊಬ್ಬರು ಆ ಸಮಯಕ್ಕೆ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದರು. ರಾಶಿ ನೋಡಿ, "ಅಕ್ಕಾರ, ಇಷ್ಟ ಅರಿವಿ ಇಟಗೊಂಡು ಬೋಗಾಣಿಗೆ ಕೊಡ್ತೀರೇನ್ರಿ? ಎರಡು ಕೌದಿ ಆಗ್ತಾವ," ಎಂದು ತಾವೇ ಕೂತು ಹಾಸಿ ತೋರಿಸಿದರು. ಗಂಜಿ ಹೋಗುವಂತೆ ಒಗೆದ ಸೀರೆಗಳನ್ನು ಮೂರು ಪದರ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ದಬ್ಬಳದಲ್ಲಿ ದಪ್ಪ ನೂಲು ಪೋಣಿಸಿ, ಸಾಲು ಸಾಲಾಗಿ ಹೊಲಿಗೆ. ದಾರ ಜಗ್ಗಿದರೆ ಬಟ್ಟೆ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಪದರ ಜಾರುತ್ತದೆ. ಅದರ ಹದ ನನ್ನ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಬಿಚ್ಚಿದ್ದೇ ಹೆಚ್ಚು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಬಗೆಯೇ ಬೇರೆ. ಅವರು ಅಂಚಿನಿಂದ ಶುರು ಮಾಡಿ, ತುಂಡುಗಳನ್ನು ಸೇರಿಸುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿದ ಒಂದೊಂದು ಹೂವು ಇರಲೇಬೇಕು, ಇಲ್ಲದಿದ್ದರೆ ಕವಂದಿ ಬೋಳು ಎಂದು ಲೆಕ್ಕ. ನಕ್ಷೆ ಬರೆದುಕೊಂಡು ಕೂರುವುದಿಲ್ಲ. ಕೈಗೆ ಸಿಕ್ಕಿದ ಬಣ್ಣದ ಪಕ್ಕ ಯಾವುದು ಕೂರಬೇಕು ಎಂದು ಕಣ್ಣೇ ಹೇಳಬೇಕು. ಇದು ಕಲೆಯಲ್ಲವೇ? ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು, ಜೀತದಾಳುಗಳ ಮೊಮ್ಮಕ್ಕಳು ಮರಿಮಕ್ಕಳು, ಹಳೆಯ ಪ್ಯಾಂಟು ಮೇಲಂಗಿಗಳಿಂದ ಇಂಥವೇ ಹೊದಿಕೆ ಹೊಲಿಯುತ್ತಿದ್ದರು. ಚಳಿಗೆ. 2002ರಲ್ಲಿ ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂನಲ್ಲಿ ಅವನ್ನು ಗೋಡೆಗೆ ತೂಗುಹಾಕಿದರು, 2006ರಲ್ಲಿ ಅಂಚೆಚೀಟಿ ಬಂತು. ಆಗ ಕಲೆಯಾಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆಗೆ ಪರದೇಶದ ಅತಿಥಿಗಳು ಬಂದಾಗ ಸಂಡೂರಿನ ಲಂಬಾಣಿ ಹೆಂಗಸರ 1,755 ಕಸೂತಿಗಳನ್ನು ಒಟ್ಟಿಗೆ ತೂಗಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಂತೋಷವೇ. ಆದರೆ ಆ ಬಟ್ಟೆಯಲ್ಲಿ ಅತಿಥಿಗಳು ಬರುವ ಮೊದಲು ಇಲ್ಲದ್ದು, ಬಂದ ಮೇಲೆ ಸೇರಿದ್ದು ಏನು? ಹೊಲಿಗೆ ಅದೇ, ಕೈ ಅದೇ, ಬದಲಾದದ್ದು ಗೋಡೆ.

"ಮನಸ್ಸಿಗೆ ಸಮಾಧಾನ" ಎಂಬ ಮಾತಿಗೂ ನನ್ನ ತಕರಾರಿದೆ. ಈಚೆಗೆ ಎಲ್ಲೆಲ್ಲೂ ಅದೇ ಉಪದೇಶ. ಕೈಕೆಲಸ ಮಾಡಿ, ನೋವು ಮರೆಯುತ್ತದೆ ಎಂದು. ಹೆಂಗಸಿಗೆ ಏನೇ ಆದರೂ ಒಂದು ಸೂಜಿ ಕೊಟ್ಟು ಮೂಲೆಯಲ್ಲಿ ಕೂರಿಸುವ ಹಳೆಯ ಉಪಾಯಕ್ಕೆ ಹೊಸ ಹೆಸರು. ನನಗೆ ಕೌದಿ ಹೊಲಿದು ಸಮಾಧಾನ ಸಿಗಲಿಲ್ಲ. ಅಮ್ಮನ ಒಂದೊಂದು ಸೀರೆ ಕತ್ತರಿಸುವಾಗಲೂ ಅದು ಬಂದ ಸಂದರ್ಭ ನೆನಪಾಗಿ ಸಿಟ್ಟು ಬರುತ್ತಿತ್ತು. ಇದು ಬಾಣಂತನಕ್ಕೆ ಕೊಟ್ಟದ್ದು, ಇದು ಅಪ್ಪ ಬೈದು ಮಾರನೆಯ ದಿನ ತಂದದ್ದು, ಇದು ಮಗಳ ಮದುವೆಗೆ ಸಾಲ ಮಾಡಿ ಉಟ್ಟದ್ದು. ನೇರಳೆ ಸೀರೆಯನ್ನು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಕೊನೆಗೆ ಬಿಚ್ಚಿ ನೋಡಿದರೆ ನಲವತ್ತು ವರ್ಷ ಮಡಿಸಿಟ್ಟಿದ್ದು ಮಡಿಕೆ ಮಡಿಕೆಗೂ ಸೀಳಿತ್ತು. ಉಡಲು ಬರುವಂತಿರಲಿಲ್ಲ, ಯಾರಿಗೂ ಕೊಡುವಂತಿರಲಿಲ್ಲ. ಕತ್ತರಿ ಹಾಕಿದೆ. ಕೈ ನಡುಗಿತು, ನಿಜ. ಆದರೆ ಅಳು ಬರಲಿಲ್ಲ. ಬಹಳ ವರ್ಷಗಳ ನಂತರ ಬೆಳಿಗ್ಗೆ ಏಳುವಾಗ ಇವತ್ತು ಇಂಥ ಕೆಲಸ ಇದೆ ಎಂದು ಏಳುತ್ತಿದ್ದೆ. ಹೊಸ ಜನ್ಮ ಗಿನ್ಮ ಎಂದು ದೊಡ್ಡ ಮಾತು ಬೇಡ. ಸಿಟ್ಟನ್ನು ಎಲ್ಲಿಡಬೇಕೆಂದು ಗೊತ್ತಾಯಿತು, ಅಷ್ಟೆ.

ಎಲ್ಲರೂ ಹಳೆ ಮನೆ ಹಿಡಿದುಕೊಂಡು ಕೂರಬೇಕೆಂದು ನಾನು ಹೇಳುತ್ತಿಲ್ಲ. ಹಳೆ ಮನೆ ಮನುಷ್ಯರನ್ನು ತಿನ್ನುತ್ತದೆ. ಮಂಡಿ ನೋವಿನವಳಿಗೆ ಲಿಫ್ಟಿರುವ ಫ್ಲಾಟೇ ಸ್ವರ್ಗ. ಮೂವತ್ತು ವರ್ಷ ಹಿತ್ತಿಲ ಬಾವಿಯಿಂದ ನೀರು ಸೇದಿದವಳು ನಲ್ಲಿ ತಿರುಗಿಸಿ ಸುಖಪಟ್ಟರೆ ಅದನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ನನಗೆ ಪೆನ್ಷನ್ ಇತ್ತು, ಮಾರಲು ಒಂದು ಸೈಟಿತ್ತು. ಇವೆರಡೂ ಇಲ್ಲದ ಎಷ್ಟು ಜನ ಖುಲಾಸೆ ಪತ್ರಕ್ಕೆ ಸಹಿ ಹಾಕಿ, ಸೀರೆ ಕಣ್ಣಿಗೊತ್ತಿಕೊಂಡು, ತಮ್ಮನ ಮನೆಯ ಹಾಲಿನಲ್ಲಿ ಮಲಗುತ್ತಿದ್ದಾರೆ! ಮಾರುವುದಾದರೂ ಅವಳೇ ಮಾರಲಿ, ಒಡೆಯುವುದಾದರೂ ಅವಳೇ ಒಡೆಯಲಿ. ಆ ಕಾಗದದ ಮೇಲೆ ಏನು ಬರೆದಿದೆ ಎಂದು ಓದಿ ಹಾಕಲಿ ಸಹಿಯನ್ನು.

ಹೋದ ವರ್ಷ ಅಮ್ಮನ ತಿಥಿಗೆ ತಮ್ಮ ಬಂದಿದ್ದ. ಈ ಮನೆಯಲ್ಲಿ ರಾತ್ರಿ ಉಳಿದದ್ದು ಏಳು ವರ್ಷದಲ್ಲಿ ಅದೇ ಮೊದಲು. ಚಳಿ ಇತ್ತು, ಹೊರಗೆ ಅಕಾಲದ ಮಳೆ. ಹಾಲಿನಲ್ಲಿ ಹಾಸಿಗೆ ಹಾಸಿ ಕೌದಿ ಕೊಟ್ಟೆ. ದೀಪ ಆರಿಸಲು ಹೋದಾಗ ಅವನು ಕೌದಿಯ ನಡುಭಾಗವನ್ನು ಬೆರಳಲ್ಲಿ ಸವರುತ್ತಾ ಕೂತಿದ್ದ.

"ಅಕ್ಕಾ, ಇದು ಅಮ್ಮನ ನಂಜನಗೂಡಿನ ಸೀರೆ ಅಲ್ವಾ? ಕತ್ತರಿಸಿಬಿಟ್ಯಾ?"

"ಹ್ಞೂಂ."

ಅವನು ಮಾತಾಡಲಿಲ್ಲ. ಕುತ್ತಿಗೆಯವರೆಗೂ ಎಳೆದುಕೊಂಡು ಮಗ್ಗುಲಾದ. ಬೆಳಿಗ್ಗೆ ಎದ್ದು ನೋಡಿದರೆ ಕೌದಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದ. ಚಿಕ್ಕ ರೂಮಿನ ಮೂಲೆಯಲ್ಲಿ ತಾರಸಿ ಇನ್ನೂ ಸ್ವಲ್ಪ ತೊಟ್ಟಿಕ್ಕುತ್ತದೆ. ಅಲ್ಲಿ ಒಂದು ಬಕೆಟ್ ಇಟ್ಟಿದ್ದ. "ರಾತ್ರಿ ಸದ್ದಾಗ್ತಿತ್ತು ಅಕ್ಕಾ. ಮೇಸ್ತ್ರಿ ನಂಬರ್ ಇದ್ಯಾ ನಿನ್ನ ಹತ್ರ?" ಎಂದು ಕೇಳಿದ. ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದು ಅವರು ಹೇಳಿದ್ದಾರೆ ಎಂದೆ.